ಒಂದೇ ಪೆಟ್ಟಿಗೆಯ ಮದ್ದು

ಮೂವತ್ತೊಂದು ವರ್ಷ ಇಕ್ಕಳ ಹಿಡಿದ ಕೈ ಇದು.
ಕಾರಟಗಿ, ಸಿದ್ದಾಪುರ, ಮರಳಿ, ಬಸಾಪಟ್ಟಣ,
ಈ ಸೀಮೆಯ ಎಷ್ಟೋ ಹೋರಿಗಳು
ನನ್ನ ಕೈಯಲ್ಲಿ ಎತ್ತಾದವು.
ಒಂದು ಒತ್ತು, ಒಳಗೆ ಹುರಿ ಹರಿದಂಥ ಸದ್ದು,
ಮೇಲೊಂದಿಷ್ಟು ಅಯೋಡಿನ್.
ತಿಂಗಳೊಪ್ಪತ್ತಿನಲ್ಲಿ ನೊಗಕ್ಕೆ ತಾವೇ ಕೊರಳು ಕೊಡುತ್ತಿದ್ದವು.

ಆನೆಗೆ ಅದು ನಡೆಯುವುದಿಲ್ಲ.
ಡಾಕ್ಟರ್ ನೀಲಗಂಗಾ ನೆಲದ ಮೇಲೆ ಕಡ್ಡಿಯಿಂದ ಬರೆದು ತೋರಿಸಿದರು:
ಇದರ ಬೀಜ ಹೊರಗಿಲ್ಲ, ಯಂಕೋಬಣ್ಣ,
ಹೊಟ್ಟೆಯ ಕತ್ತಲಲ್ಲಿ, ಮೂತ್ರಪಿಂಡದ ಮಗ್ಗುಲಲ್ಲಿ,
ಹಗೇವಿನಲ್ಲಿಟ್ಟ ಜೋಳದ ಹಾಗೆ.
ನಿನ್ನ ಇಕ್ಕಳ ಅಲ್ಲಿಗೆ ಮುಟ್ಟುವುದಿಲ್ಲ.

ಹೆಸರಿನಲ್ಲೇ ಆನೆ ಇಟ್ಟುಕೊಂಡ ಊರು ಆನೆಗುಂದಿ.
ಈಗ ಉಳಿದಿರುವುದು ಮಠದ ಗಜಲಿಂಗ ಒಬ್ಬನೇ.
ಮಾಗಿ ಬಂತೆಂದರೆ ಅವನಿಗೆ ಮದ.
ಕಣ್ಣಿಗೂ ಕಿವಿಗೂ ನಡುವಿನ ಕರಿಗೆರೆ
ಬಾಯಿಯ ಮೂಲೆಗೆ ಇಳಿಯುವ ಹೊತ್ತಿಗೆ
ಹಿಂಗಾಲಿಗೆ ಎರಡನೇ ಸರಪಣಿ ಬೀಳಬೇಕು.
ಹೋದ ವರ್ಷ ಒಂದು ದಿನ ತಡವಾಯಿತು.
ಹದಿನಾರು ವರ್ಷ ಬೆಲ್ಲ ತಿನ್ನಿಸಿದ ಮಾಬುಸಾಬನ ಭುಜ
ಸೊಂಡಿಲಿನ ಒಂದೇ ಬೀಸಿಗೆ ಮೂರು ತುಂಡು.
"ಅವ ಹೊಡೀಲಿಲ್ರಿ, ಅವನೊಳಗಿಂದು ಹೊಡೀತು,"
ಎಂದ, ಗಂಗಾವತಿ ಆಸ್ಪತ್ರೆಯ ಮಂಚದ ಮೇಲೆ,
ತಪ್ಪು ತನ್ನದೇ ಅನ್ನುವ ದನಿಯಲ್ಲಿ.

ಐಸಿನ ಡಬ್ಬಿಯಿಂದ ಮದ್ದಿನ ಪೆಟ್ಟಿಗೆ ತೆಗೆದೆ.
ಹೆಸರು ಓದಿದೆ. ತಿರುಗಿಸಿ ಮತ್ತೊಮ್ಮೆ ಓದಿದೆ.

ಡಾಕ್ಟರು ಹೇಳುತ್ತಿದ್ದರು:
ಮಿದುಳು ಗಳಿಗೆಗೊಮ್ಮೆ ಕೆಳಗೆ ಕೂಗು ಹಾಕುತ್ತದೆ,
ಕೇಳಿದ ಗ್ರಂಥಿ ಎದ್ದು ಕೆಲಸಕ್ಕೆ ಹತ್ತುತ್ತದೆ.
ಈ ಮದ್ದು ಆ ಕೂಗನ್ನು ತಡೆಯುವುದಿಲ್ಲ,
ತಾನೂ ಕೂಗುತ್ತದೆ, ಬಿಡುವಿಲ್ಲದೆ, ಹಗಲೂ ರಾತ್ರಿ,
ಸುಗ್ಗಿಯ ಅಕ್ಕಿ ಮಿಲ್ಲಿನ ಹಾಗೆ.
ಮಿಲ್ಲಿನ ಗೋಡೆಗೆ ಗೋಡೆ ಹಚ್ಚಿ ಮಲಗುವವರನ್ನು ಕೇಳಿ ನೋಡು,
ಯಾವ ಸದ್ದು? ಎನ್ನುತ್ತಾರೆ.
ಮೊದಲ ವಾರ ಮಾತ್ರ ಹುಷಾರು,
ಇಳಿಯುವ ಮುಂಚೆ ಒಮ್ಮೆ ಏರುತ್ತದೆ.

"ಗೊತ್ತೈತ್ರಿ," ಅಂದೆ.
ಹೇಗೆ ಗೊತ್ತು ಎಂದು ಅವರು ಕೇಳಲಿಲ್ಲ.

ಮಾಬುಸಾಬ ಬಾಳೆಯ ದಿಂಡು ಹಿಡಿದು ಮುಂದೆ ನಿಂತ,
ಏನೋ ಹಾಡಿದಂತೆ ಬೈಯುತ್ತ.
ನಾನು ಹಿಂದೆ, ತೊಡೆಯ ಗುಡ್ಡದ ಬುಡದಲ್ಲಿ.
ಸೂಜಿ ಹೊಕ್ಕಾಗ ಚರ್ಮ ಒಂದು ಸಲ ಅದುರಿತು,
ನೊಣ ಕೂತಿತ್ತೇನೋ ಎಂಬಂತೆ.

ಬಳ್ಳಾರಿಯ ದೊಡ್ಡಾಸ್ಪತ್ರೆಯ ಹದಿನಾಲ್ಕನೇ ಕೋಣೆಯಲ್ಲಿ
ಮೂರು ತಿಂಗಳಿಗೊಮ್ಮೆ ನನ್ನ ಚಪ್ಪೆಗೆ ಚುಚ್ಚುವುದೂ ಇದನ್ನೇ.
ಗಡ್ಡೆ ಬೆಳೆಯಬಾರದೆಂದು.
ಅಳತೆ ಬೇರೆ, ಅಷ್ಟೆ.
ಎದೆ ಮೆತ್ತಗಾಗಿದೆ. ಮೀಸೆ ನಿಧಾನ.
ಕರು ಸತ್ತರೆ ಕಣ್ಣು ಒದ್ದೆಯಾಗುತ್ತದೆ,
ಬಚ್ಚಲಿಗೆ ಹೋಗಿ ಮುಖ ತೊಳೆದು ಬರುತ್ತೇನೆ.

ಮೊನ್ನೆ ರೊಟ್ಟಿ ಹಾಕುತ್ತ ಹುಲಿಗೆಮ್ಮ ಅಂದಳು:
"ಈಗ ತಾಟು ಒಗಿಯಂಗಿಲ್ಲ ನೀವು."
ನಗಲಿಲ್ಲ. ಪಲ್ಯ ಬಡಿಸಿದಳು.
ಸ್ವಲ್ಪ ಹೊತ್ತಿಗೆ, ಒಲೆಯ ಕಡೆ ಮುಖ ಮಾಡಿ,
"ಮೊದ್ಲ ಯಾರರ ಕೊಟ್ಟಿದ್ರ..."
ಮಾತು ಅಲ್ಲಿಗೇ ಬಿಟ್ಟಳು.

ನನ್ನೊಳಗಿಂದು ಹೊಡೆಯಿತು ಎನ್ನಲೇ ನಾನೂ?
ಮಾಬುಸಾಬನ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು.
ಆದರೆ ಆನೆಗೆ ಮದ ವರ್ಷಕ್ಕೆ ಎರಡು ತಿಂಗಳು.
ನನಗೆ ಹನ್ನೆರಡೂ.
ಸರಪಣಿ ಹಾಕುವವರು ಯಾರೂ ಇರಲಿಲ್ಲ,
ಸಂಬಳ ಬರುತ್ತಿತ್ತು,
ಊರು ಯಂಕೋಬಣ್ಣ ಎಂದು ಕೈ ಮುಗಿಯುತ್ತಿತ್ತು.

ಈ ಮಾಗಿಯಲ್ಲಿ ಗಜಲಿಂಗನ ಕಪೋಲ ಒಣಗಿದೆ.
ಮಾಬುಸಾಬ ದಿನವೂ ಬೆರಳಿಟ್ಟು ಮೂಸುತ್ತಾನೆ,
ಎಡಗೈಯಿಂದ. ಬಲಗೈ ಅಷ್ಟು ಮೇಲೆ ಏಳುವುದಿಲ್ಲ.
ವಾಸನೆ ಇಲ್ಲ ಎಂದು ಖುಷಿ,
ವಾಸನೆ ಇಲ್ಲ ಎಂದು ಏನೋ ಒಂಥರಾ.
"ನಮ್ಮ ಗಜಲಿಂಗನ ಹೌದಲ್ರಿ ಇಂವ?" ಎಂದು ಕೇಳಿದ ಒಮ್ಮೆ.
ಹೌದು ಅಂದೆ. ಮತ್ತೇನು ಹೇಳಲಿ.

ಹೊಳೆಯ ಕಡೆಯಿಂದ ಥಂಡಿ ಗಾಳಿ.
ಎಲ್ಲರೂ ಕಂಬಳಿ ಹೊದ್ದಿದ್ದಾರೆ.
ನನಗೆ ಒಳಗಿನಿಂದ ಕಾವು ಎದ್ದು
ಕುತ್ತಿಗೆಯಿಂದ ನೆತ್ತಿಯವರೆಗೆ ಬೆವರು,
ಮದ್ದಿನ ಕಾವು, ಹೇಳದೆ ಬರುವಂಥದು.
ಅಂಗಿಯ ಗುಂಡಿ ಬಿಚ್ಚಿ ಅವನ ಪಕ್ಕ ನಿಂತೆ.
ಅವನು ಹುಲ್ಲು ಎತ್ತಿ ಬೆನ್ನಿಗೆ ಹಾಕಿಕೊಂಡ,
ಕಿವಿ ಬೀಸಿದ.
ಗಾಳಿ ನನಗೂ ಬಂತು.