ಎರಡನೇ ವರ್ಗ: ನೆಲ

ಗೋಪಿ ಸರ್ಕಲ್ಲಿನ ಹಿಂದೆ, ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ
ನಾನು ಮರ ಕಡಿಯುತ್ತೇನೆ.
ಗರಗಸವಿಲ್ಲ, ಪರವಾನಗಿಯಿಲ್ಲ.
ಕೆಳಗೆ ಒಂದು ರವಿಕೆ ಹೊಲಿದು ಮುಗಿಯುವಷ್ಟರಲ್ಲಿ
ಕೆಂದಾಳಕಾನಿನ ನಂದಿ, ಹೊನ್ನೆ, ಬೈನೆ, ರಾಮಪತ್ರೆ
ಹತ್ತು ಎಕರೆ ಬೋಳು.

ಫೆಬ್ರವರಿಯಲ್ಲಿ ನೂರುಲ್ಲಾ ಡ್ರೋನು ಹಾರಿಸಿದ್ದ.
ಸೆಕೆಂಡಿಗೆ ಲಕ್ಷ ಸಲ ಬೆಳಕನ್ನು ಕೆಳಗೆಸೆದು
ವಾಪಸು ಬರಲು ಎಷ್ಟು ಹೊತ್ತಾಯಿತೆಂದು ಎಣಿಸುವ ಯಂತ್ರ.
ಬಹುಪಾಲು ಎಲೆಗೇ ಬಡಿದು ತಿರುಗುತ್ತದೆ.
ನೂರಕ್ಕೆ ಮೂರೋ ನಾಲ್ಕೋ
ಸಂದಿಯಲ್ಲಿ ನುಸುಳಿ, ಕೊಂಬೆ ತಪ್ಪಿಸಿ, ನೆಲ ಮುಟ್ಟಿ ಬರುತ್ತವೆ,
ಒಳಮನೆಯ ಜಗಳ ಕೇಳಿಸಿಕೊಂಡು ಹೊರಗೋಡಿ ಬಂದ ಮಕ್ಕಳ ಹಾಗೆ.
ಅವನ್ನೇ ನಾನು ನಂಬಬೇಕು.

ಚುಕ್ಕಿಗೊಂದು ಸಂಖ್ಯೆ.
ಎರಡು ಅಂದರೆ ನೆಲ. ಮೂರು, ಪೊದೆ. ಐದು, ಎತ್ತರದ ಮರ. ಆರು, ಕಟ್ಟಡ.
ಏಳು, ಗದ್ದಲ:
ಮೊನ್ನೆ ಮರಗಳಿಗೂ ಮೇಲೆ, ಬರಿಗಾಳಿಯಲ್ಲಿ, ಹನ್ನೊಂದು ಚುಕ್ಕಿ;
ಹಾದುಹೋದ ಮಂಗಟ್ಟೆ ಹಕ್ಕಿಯ ರೆಕ್ಕೆಯಿರಬೇಕು.
ಏಳು ಒತ್ತಿದೆ.

ತರಬೇತಿಗೆಂದು ಕಾಂಬೋಡಿಯದಿಂದ ಚನ್‌ಥಾ ಬಂದಿದ್ದಳು,
ಖ್ಮೇರ್ ಹುಡುಗಿ, ಶಿವಮೊಗ್ಗದ ಜನವರಿಗೆ ಎರಡು ಸ್ವೆಟರು.
ಪರದೆಯ ಮೇಲೆ ತನ್ನ ಸೀಮೆಯ ಕಾಡಿಗೆ
ಬೈತಲೆ ತೆಗೆದು ತೋರಿಸಿದಳು:
ಕೆಳಗೆ ಇಡೀ ಪಟ್ಟಣ. ನೂಲು ಹಿಡಿದು ಎಳೆದ ಬೀದಿ,
ಚೌಕ ಕೆರೆ, ಏರಿ, ಕಾಲುವೆ, ಮನೆಯಿದ್ದ ದಿಬ್ಬ.
ಇಷ್ಟು ದಿನ ಕಲ್ಲಿನ ದೇವರುಗಳಷ್ಟೇ ಕಾಣುತ್ತಿದ್ದರು,
ಮರದ ಮನೆಯವರು ಈಗ ಬಂದರು, ಅಂದಳು.
ನಿಮ್ಮಲ್ಲೂ ಇರಬಹುದು.

ಆ 'ಬಹುದು' ನನಗೆ ಜ್ವರದ ಹಾಗೆ ಹಿಡಿಯಿತು.

ಹದಿನೇಳನೇ ದಿನ ಒಂದು ಗೆರೆ.
ಗುಡ್ಡದ ಹೊಟ್ಟೆ ಸುತ್ತಿ, ಹಳ್ಳಕ್ಕೆ ಅಡ್ಡ ನಿಂತು;
ಅದರಾಚೆ ಇನ್ನೊಂದು, ಆಳವಾಗಿ, ಅಗಳಿನಂತೆ.
ಸೂರ್ಯನನ್ನು ಎತ್ತಿ ವಾಯುವ್ಯಕ್ಕಿಟ್ಟೆ
(ಇಲ್ಲಿ ಅವನು ನನ್ನ ಮಾತು ಕೇಳುತ್ತಾನೆ)
ನೆರಳು ಉದ್ದವಾಯಿತು.
ಕೋಟೆ, ಅಂದೆ, ಗಟ್ಟಿಯಾಗಿ, ಖಾಲಿ ಕೋಣೆಗೆ.

ಉಣುಗಿನ ಭಯಕ್ಕೆ ಡೇಪಾ ಎಣ್ಣೆ ಹಚ್ಚಿಕೊಂಡು
ನಕ್ಷೆ ಹಿಡಿದು ಹೋದೆವು. ಮುಂದೆ ಫಾರೆಸ್ಟ್ ವಾಚರ್ ಗುತ್ಯಪ್ಪ.
ಹಾಳೆಯನ್ನು ತಿರುಗಿಸಿ, ಮತ್ತೆ ತಿರುಗಿಸಿ
ಹೊರಗೆರೆಯ ಮೇಲೆ ಉಗುರಿಟ್ಟ:
"ಇದು ಆನೆಗೆ ಹೊಡೆದ ಟ್ರೆಂಚು. ತೊಂಬತ್ತೆಂಟರಲ್ಲಿ.
ಈ ಮೂಲೆಯ ನಲವತ್ತು ಮಾರು ನಾನೇ ಹೊಡ್ದಿದ್ದು.
ಕೂಲಿ ಬಾಕಿ ಅದೆ."
ನೂರುಲ್ಲಾ ನಕ್ಕ. ನಾನೂ ನಗಬೇಕಾಯಿತು.
ಒಳಗಿನ ಗೆರೆ?
ಅವನು ಮಾತಾಡಲಿಲ್ಲ. ಚಪ್ಪಲಿ ಬಿಟ್ಟು ಹತ್ತಿದ.

ಏರಿ. ನಿಜವಾದ ಏರಿ, ಜಂಬಿಟ್ಟಿಗೆಯ ಮೂರು ಸಾಲು,
ಬಾಯಿಗೆ ಬೇರು ತುರುಕಿಕೊಂಡ ತೂಬು.
"ಅಜ್ಜಿ ಇದಕ್ಕೆ ಕೆರೆ ಅನ್ನೋಳು. ನೀರು ಕಂಡವರಿಲ್ಲ.
ಹೆಸರಷ್ಟೇ ತುಂಬಿತ್ತು."

ಆಮೇಲೆ, ಬೀಡಿ ಹಚ್ಚುತ್ತ:
"ನಮ್ಮ ಮನೆ ಎಲ್ಲಿ ಬಂದದೆ ಇದ್ರಲ್ಲಿ?"

ಹುಡುಕುವ ನಾಟಕವಾಡಿದೆ. ನನಗೆ ಗೊತ್ತಿತ್ತು.
ತಗ್ಗು ಸೂರು, ಮೇಲೆ ಹಲಸಿನ ನೆರಳು;
ಯಂತ್ರ ಮೂರು ಎಂದಿತ್ತು, ನಾನು ಅಳಿಸಿದ್ದೆ.
ಅಲ್ಲಿ ಈಗ ನುಣ್ಣನೆ ನೆಲ.
"ಬಿಡಿ," ಅಂದ, "ಅಂಥ ನಕ್ಷೆ ತಾಲೂಕಾಫೀಸಲ್ಲೂ ಅದೆ."

ಏರಿಯ ಬುಡದಲ್ಲಿ, ಮೊಣಕಾಲೆತ್ತರಕ್ಕೂ ಕಮ್ಮಿ, ಒಂದು ಉಬ್ಬು.
ನನ್ನ ಹಾಳೆಯಲ್ಲಿ ಅದು ಸ್ಪಷ್ಟ.
ಇದೇನು, ಎಂದೆ.
ಅವನು ಬೀಡಿಯನ್ನು ಕಲ್ಲಿಗೊರೆಸಿ ಆರಿಸಿದ,
ಉಳಿದ ತುಂಡನ್ನು ಜೇಬಿಗಿಟ್ಟುಕೊಂಡ.
"ಅದೊಂದು ಬರ್ಕೋಬೇಡಿ."

ರಾತ್ರಿ ಚನ್‌ಥಾಗೆ ಬರೆದೆ: ಪಟ್ಟಣವಿಲ್ಲ.
ಒಂದು ಕೆರೆ, ಒಂದು ಟ್ರೆಂಚು, ಬಾಕಿ ಕೂಲಿ.
ಉತ್ತರ ತಕ್ಷಣ ಬಂತು:
ಶುರುವಿನಲ್ಲಿ ನಾನೂ ಗುಂಡನೆ ತಗ್ಗುಗಳನ್ನೆಲ್ಲ
ಹಳೆಯ ಕೊಳವೆಂದು ಗುರುತು ಹಾಕಿದ್ದೆ.
ಅಮ್ಮ ನೋಡಿ ಹೇಳಿದಳು, ಬಾಂಬು ಬಿದ್ದ ಹೊಂಡ.

ಅಳಿಸಿದ್ದನ್ನು ಮರಳಿ ತೆರೆದೆ. ಒಂದೊಂದಾಗಿ
ಎಂಟುನೂರ ಆರು ಚುಕ್ಕಿಗಳನ್ನು
ಮೂರರಿಂದ ಆರಕ್ಕೆ ತಂದೆ. ಸೂರು ಸ್ವಲ್ಪ ಸೊಟ್ಟ ಬಂತು.
ಕೆಳಗೆ ಟೈಲರು ಶಟರ್ ಎಳೆದ.
ಉಬ್ಬಿನ ಮೇಲೆ ಬಾಣ ಮಿಟುಕುತ್ತಿತ್ತು,
ಯಾವ ವರ್ಗ, ಯಾವ ವರ್ಗ, ಎಂದು.
ಒಂದು ಒತ್ತಿದೆ.
ಒಂದು ಅಂದರೆ, ಇನ್ನೂ ಹೇಳಿಲ್ಲ.