ಮಂಜು ಹಿಂಜುವ ಮನೆ

ಶಾಲೆಯಿಂದ ಬಂದವಳೇ ಮುಬೀನಾ ಕೇಳಿದಳು:
ನಮ್ಮೂರಲ್ಲಿ ಹಿಮ ಯಾಕಮ್ಮ ಬೀಳಲ್ಲ?
ಅವಳ ಎರಡನೇ ಕ್ಲಾಸಿನ ಪುಸ್ತಕದಲ್ಲಿ
ಕೆಂಪು ಟೊಪ್ಪಿಯ ಹುಡುಗನೊಬ್ಬ
ಬಿಳಿ ಉಂಡೆ ಕಟ್ಟಿ ತಂಗಿಗೆ ಬೀಸುತ್ತಿದ್ದಾನೆ.
ತಾಗಿದರೂ ನೋಯುವುದಿಲ್ಲವಂತೆ, ಟೀಚರ್ ಹೇಳಿದ್ದು.

ಬೀಳುತ್ತಲ್ಲೇ, ಮಂಜು, ಅಂದೆ.
ಅದು ಬೀಳಲ್ಲ, ಸುಮ್ಮನೆ ನಿಂತಿರುತ್ತೆ,
ಹಿಡಿಯೋಕೆ ಹೋದರೆ ಕೈಯಷ್ಟೇ ಒದ್ದೆ.

ನಿಜವೇ. ತುಂಗೆಯಿಂದೆದ್ದು ಮಂಡ್ಲಿಯ ಓಣಿಗೆ ನುಗ್ಗುವ ಮಂಜು
ಹಾಲಿನವನ ಸೈಕಲ್ಲು ನುಂಗಿ
ಬರೀ ಗಂಟೆ ಉಗುಳುತ್ತದೆ.
ಬಿಸಿಲು ಬರುವಷ್ಟರಲ್ಲಿ ಎಲ್ಲಿತ್ತೆಂದು ಕೇಳಬೇಕು.

ಊರಿಗೆ ಚಳಿಯೆಂದರೆ ನಡುಕ, ನಮಗೆ ಸುಗ್ಗಿ.
ದೀಪಾವಳಿ ಕಳೆದದ್ದೇ ತಡ
ಹಪ್ಪಳವಾದ ಗಾದಿಗಳು ಆಟೋದ ತಲೆಯೇರಿ ಬರುತ್ತವೆ:
ಮದುವೆಯಲ್ಲಿ ಕೊಟ್ಟದ್ದು, ಬಾಣಂತಿ ಮಲಗಿದ್ದು,
ತೀರಿಹೋದವರದ್ದು.
ಅದನ್ನು ಯಾರೂ ಹೇಳುವುದಿಲ್ಲ, ನಮಗೆ ತಿಳಿಯುತ್ತದೆ.
ಹೊಲಿಗೆ ಬಿಚ್ಚಿದರೆ ಒಳಗೆ
ಹೇರ್‌ಪಿನ್ನು, ಯಾವುದೋ ಮಗುವಿನ ಹಾಲುಹಲ್ಲು,
ಒಮ್ಮೆ ಐನೂರರ ನೋಟು, ಹಳೆಯದು, ನಡೆಯದ್ದು.

ಇವರು ಮೂಗಿಗೆ ಟವೆಲ್ ಸುತ್ತಿ ಮಿಷನ್ನಿನ ಗುಂಡಿ ಒತ್ತುತ್ತಾರೆ.
ಅತ್ತೆ ಹುಸೇನಮ್ಮ ಗೋಡೆಯ ಮೇಲಿನ ಬಿಲ್ಲು ನೋಡಿ ಗೊಣಗುತ್ತಾರೆ:
ಅದು ಟುಂಯ್ ಅಂದರೆ ಹತ್ತಿ ಮಾತು ಕೇಳುತ್ತಿತ್ತು,
ಇದಕ್ಕೆ ಹೆದರಿ ದಿಕ್ಕಾಪಾಲು ಓಡುತ್ತದೆ.
ಓಡಿ ಎಲ್ಲಿಗೆ ಹೋಗುತ್ತದೆ?
ಕಿಟಕಿಯ ಸರಳಿಗೆ, ಸಾರಿನ ಪಾತ್ರೆಗೆ,
ಮಕ್ಕಳ ರೆಪ್ಪೆಗೆ.

ಭಾನುವಾರ ಕರೆಂಟು ಹೋಯಿತು.
ಇವರು ಟೀ ಕುಡಿಯಲು ಹೋದರು. ನಾನು ಬಟ್ಟೆ ಹಿಂಡುತ್ತಿದ್ದೆ.
ಒಳಗಿಂದ ಕೂಗು: ಅಮ್ಮಾ, ಹಿಮ ಬಿತ್ತು!

ಹಿಂಜಿಟ್ಟ ಅರಳೆಯ ಗುಡ್ಡದಲ್ಲಿ ಸೊಂಟದವರೆಗೆ ಜಮಾಲ.
ಮೂರು ವರ್ಷಕ್ಕೇ ಹುಬ್ಬು ನರೆತ ಮುದುಕ.
ಪಕ್ಕದಲ್ಲಿ ಅವರಿಬ್ಬರೇ ಕಟ್ಟಿದ ಗೊಂಬೆ,
ಕಣ್ಣಿಗೆ ನನ್ನ ಡಬ್ಬಿಯ ಗುಂಡಿಗಳು,
ಮೂಗಿಗೆ ಒಣಮೆಣಸಿನಕಾಯಿ.
ಮುಬೀನಾ ಉಂಡೆ ಕಟ್ಟಿ ಎಸೆದಳು, ನನ್ನ ಕೆನ್ನೆಗೇ ತಾಗಿತು.
ಟೀಚರ್ ಹೇಳಿದ್ದು ಸುಳ್ಳಲ್ಲ.

ಬಯ್ಯಬೇಕಿತ್ತು. ಅದು ವಿನೋಬನಗರದ ಮೇಡಂ ಹತ್ತಿ,
ಎಂಟು ಕೆಜಿ, ತೂಗಿ ಕೊಟ್ಟದ್ದು.
ಒದ್ದೆ ಕೈಯಲ್ಲಿ ಬಾಗಿಲಲ್ಲೇ ನಿಂತೆ,
ಇನ್ನೊಂದು ಉಂಡೆ ಬರಲೆಂದು.

ರಾತ್ರಿ ಜಮಾಲನ ಎದೆಯಲ್ಲಿ ಸಿಳ್ಳೆ ಶುರುವಾಯಿತು.
ಹತ್ತಿಯಿಂದ ದೂರ ಇಡಿ ಎಂದಿದ್ದರು ಮೆಗ್ಗಾನಿನ ಡಾಕ್ಟರು,
ಮೀನನ್ನು ಹೊಳೆಯಿಂದ ದೂರ ಇಡಿ ಎಂಬಂತೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ,
ಹಾಸಿಗೆ ಮಾಡುವವರು ಉಸಿರು ಎಷ್ಟು ಚಾಚಬೇಕೋ.

ಪಂಪು ಬಾಯಿಗಿಟ್ಟು ಒತ್ತಿದೆ, ಎರಡು ಸಲ.
ಗೋಡೆಗೊರಗಿ ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡೆ.
ಅವನ ಬೆನ್ನಿನ ಪ್ರತಿ ಏರಿಳಿತ ನನ್ನ ಹೊಟ್ಟೆಗೆ ಗೊತ್ತು.
ಮುಬೀನಾ ನಿದ್ದೆ ಮಾಡಿರಲಿಲ್ಲ.
ನನ್ನ ಹಿಮದಿಂದಾನಾ ಅಮ್ಮ?
ಇಲ್ಲ ಕಣೇ, ಚಳಿಗೆ.
ಅವಳು ನಂಬಲಿಲ್ಲ. ಅವನ ಪಾದಗಳನ್ನು
ತನ್ನ ಫ್ರಾಕಿನೊಳಗೆ ಎಳೆದುಕೊಂಡಳು.

ಆಚೆ ಕೋಣೆಯಲ್ಲಿ ಇವರು, ರಾತ್ರಿ ಎರಡಕ್ಕೆ,
ಗೋಡೆ, ಜಂತಿ, ಬಿಲ್ಲು, ಮಿಷನ್ನಿನ ಹಲ್ಲು
ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು.
ಬಕೆಟ್ಟಿನ ಸದ್ದು ಬಿಟ್ಟರೆ ಮಾತಿಲ್ಲ.

ಬೆಳಕಾಗುವಾಗ ಸಿಳ್ಳೆ ನಿಂತಿತ್ತು.
ಹೊರಗೆ ಹಾಲಿನವನ ಗಂಟೆ, ಸೈಕಲ್ಲು ಕಾಣದು.
ಜಮಾಲ ಎದ್ದು ಕೇಳಿದ ಮೊದಲ ಮಾತು:
ಗೊಂಬೆ ಎಲ್ಲಿ?

ಗೊಂಬೆಯನ್ನು ಇವರು ಬೆಳಗಿನ ಜಾವವೇ ಗಾದಿಗೆ ತುಂಬಿ
ಬಾಯಿ ಹೊಲಿದಾಗಿತ್ತು.
ಗುಂಡಿಗಳು ಡಬ್ಬಿಯಲ್ಲಿದ್ದವು, ಎರಡೂ.
ಮೆಣಸಿನಕಾಯಿ ಮಾತ್ರ ಎಷ್ಟು ಹುಡುಕಿದರೂ ಇಲ್ಲ.

ಮೇಡಂ ಬಂದು ಅಂಗೈಯಲ್ಲಿ ಒತ್ತಿ ನೋಡಿದರು,
ಚೆನ್ನಾಗಿ ಉಬ್ಬಿದೆ ಅಂದರು, ಐವತ್ತು ಚೌಕಾಸಿ ಮಾಡಿದರು.
ನಾನು ಬಾಯಿ ಬಿಡಲಿಲ್ಲ. ಮುಬೀನಾ ನನ್ನ ಸೆರಗು ಜಗ್ಗಿದಳು.
ಇರಲಿ ಬಿಡು.
ಹತ್ತು ವರ್ಷ ಕಳೆದು ಯಾರೋ ಆ ಹೊಲಿಗೆ ಬಿಚ್ಚಿ
ಒಂದು ಸಲ ಸೀನಲಿ,
ಕೈಗೆ ಸಿಕ್ಕಿದ್ದನ್ನು ಬೆಳಕಿಗೆ ಹಿಡಿದು ನೋಡಲಿ:
ಮಂಡ್ಲಿಯಲ್ಲಿ ಹಿಮ ಬಿದ್ದ ದಿನದ
ಕೆಂಪು ಮೂಗು.