ಬೇರಿಂಗ್ ಕೂರುವ ಜಾಗ

ಮಂಡಕ್ಕಿ ಭಟ್ಟಿಯ ಹಿಂದಿನ ಸಾಲು, ತಗಡಿನ ಶೆಡ್ಡು.
ಆಚೆ ಕಾದ ಮರಳಲ್ಲಿ ಅಕ್ಕಿ ಅರಳುತ್ತೆ.
ಈಚೆಗೂ ಮರಳೇ, ಗಾಳಿಯ ಸಿಟ್ಟು ಹತ್ತಿಸಿಕೊಂಡು
ಚಕ್ರದ ಮೈಯಿಂದ ಬಣ್ಣ ಕೀಳುತ್ತೆ.
ನಡುವೆ ಒಂದು ಗೋಡೆ. ಹೊಗೆಗೆ ಅದರ ಲೆಕ್ಕವಿಲ್ಲ.

ಬೆಳಿಗ್ಗೆ ಬಂದದ್ದು ಹಳೇ ಯೆಜ್ಡಿಯ ಜೋಡಿ ಚಕ್ರ,
ಜಗಳೂರು ಕಡೆ ಪಂಪ್‌ಸೆಟ್ ರಿಪೇರಿ ಮಾಡುವವನದು.
ಟೈರು ಟ್ಯೂಬು ಕಳಚಿ
ಮೂವತ್ತಾರು ಮೂವತ್ತಾರು ಕಡ್ಡಿ ಎಣಿಸಿ
ಡಾಲ್ಡಾ ಡಬ್ಬಿಗೆ ಹಾಕಿದ ಜಬೀವುಲ್ಲಾ.
ಬೇರಿಂಗ್ ಮಾತ್ರ ಬರಲೊಲ್ಲದು.
ಹಬ್ ಬಿಸಿ ಮಾಡಿ, ಕಂಚಿನ ಸರಳಿಟ್ಟು, ಮೌನೇಶಣ್ಣ
ಈ ಕಡೆ ಒಂದು ಆ ಕಡೆ ಒಂದು ತಟ್ಟಿದ,
ಕೂಸಿಗೆ ತೇಗು ಬರಿಸುವ ಹಾಗೆ.
ಟಕ್ಕಂತ ಬಿತ್ತು, ಕಪ್ಪು ಗ್ರೀಸು ಕಕ್ಕಿ.

ಮರಳಿಗೆ ಹಿಡಿದಾಗ
ಮೊದಲು ಕೆಂಪು. ಕೆಂಪಿನಡಿ ಬೆಳ್ಳಿ. ಬೆಳ್ಳಿಯಡಿ
ಯಾರೋ ಗೇಟಿಗೆ ಬಳಿದು ಮಿಕ್ಕ ಹಸಿರು.
ಕೊನೆಗೆ, ಆಗಷ್ಟೇ ತಲೆ ಬೋಳಿಸಿಕೊಂಡವನ
ನೆತ್ತಿಯ ಬಣ್ಣ.

ಅಲ್ಲಿಂದ ಮುಂದೆ ನನ್ನ ಕೆಲಸ.
ಇಪ್ಪತ್ತೆರಡು ವರ್ಷ ಬೀಡಿ ಕಟ್ಟಿದ ಬೆರಳು ಇವು.
ಎಲೆ ಹೋಯಿತು, ಹಸಿರು ಟೇಪು ಬಂತು, ಬೆಂಕಿಗೆ ಬಗ್ಗದ್ದು.
ಕತ್ತರಿ ಮಾತ್ರ ಅದೇ.
ಮೊದಲ ದಿನ ಮೌನೇಶಣ್ಣ ಹೇಳಿದ್ದು ಇಷ್ಟೆ:
"ಖೈರುನ್ನಕ್ಕ, ಬಣ್ಣ ಹಾಕೋಕೆ ಯಾರಿಗಾದರೂ ಬರುತ್ತೆ.
ಎಲ್ಲಿ ಹಾಕಬಾರದು ಅಂತ ಗೊತ್ತಿರಬೇಕು."
ಬೇರಿಂಗ್ ಕೂರುವ ಜಾಗಕ್ಕೆ ಕೂದಲೆಳೆಯಷ್ಟೂ ಕೂಡದು.
ಬ್ರೇಕ್ ಲೈನರ್ ಉಜ್ಜುವ ಒಳಮೈಗೂ.
ತಿರುಗಿಸುವುದು, ನಿಲ್ಲಿಸುವುದು
ಎರಡೂ ಬತ್ತಲೇ ಇರಬೇಕು.

ಬರಿದೇ ಒಂದು ಸಲ ಒಲೆಗಿಟ್ಟು
ಕುಡಿದ ಎಣ್ಣೆಯನ್ನೆಲ್ಲ ಬೆವರಿಸಿ,
ಆರಿದ ಮೇಲೆ ಥಿನ್ನರ್ ಬಟ್ಟೆಯಲ್ಲಿ ಒರೆಸಿದರೆ
ಆಮೇಲೆ ಬರಿಗೈ ಮುಟ್ಟುವಂತಿಲ್ಲ.
ಮೌನೇಶಣ್ಣನ ತಾಯಿಯ ಮಡಿಗಿಂತ ಬಿಗಿ.

ಆವತ್ತು ಟೇಪಿನ ತುದಿ ಸಿಗದೆ
ಒಂದು ಗ್ಲೌಸು ಕಳಚಿದ್ದೆ.
ಕೊಕ್ಕೆಗೆ ಸಿಕ್ಕಿಸುವಾಗ ಹಬ್ ಜಾರಿತು,
ಕೈ ತಾನಾಗಿ ಹೋಯಿತು.
ಒಂದೇ ಒಂದು ಹೆಬ್ಬೆರಳು.
ಯಾರೂ ನೋಡಲಿಲ್ಲ. ನಾನೂ ನೋಡದವಳ ಹಾಗೆ ಇದ್ದೆ.

ಗನ್ನಿನಿಂದ ಹಾರಿದ ಕಪ್ಪು ಹಿಟ್ಟು
ಹೆಸರು ಹಿಡಿದು ಕರೆದಂತೆ ಬಂದು ಕೂತಿತು.
ಇನ್ನೂರು ಡಿಗ್ರಿ, ಇಪ್ಪತ್ತು ನಿಮಿಷ.
ಜಬೀವುಲ್ಲಾ ಗೋಡೆಯಾಚೆಯಿಂದ ಬಿಸಿ ಮಂಡಕ್ಕಿ ತಂದ.
ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಬಾಗಿಲು ತೆಗೆದರೆ ಮುಖ ಕಾಣುವಂಥ ಕಪ್ಪು.
ಅದರ ಒಂದು ಮಗ್ಗುಲಲ್ಲಿ
ಗೆರೆಗೆರೆಯಾಗಿ, ಸುಳಿಸುಳಿಯಾಗಿ
ನನ್ನ ಹೆಬ್ಬೆಟ್ಟು.

ಕಳೆದ ತಿಂಗಳು ನ್ಯಾಯಬೆಲೆ ಅಂಗಡಿಯಲ್ಲಿ
ಆರು ಸಲ ಒತ್ತಿದ್ದೆ ಇದೇ ಬೆರಳನ್ನ,
ಆರು ಸಲವೂ ಕೆಂಪು ದೀಪ.
"ಗೆರೆಯೆಲ್ಲ ಬೀಡಿ ಎಲೆ ತಿಂದುಬಿಟ್ಟಿದೆ ಅಮ್ಮ,
ಕೊಬ್ಬರಿ ಎಣ್ಣೆ ಹಚ್ಚಿಕೊಂಡು ನಾಳೆ ಬಾ" ಅಂದಿದ್ದ ಹುಡುಗ.
ಅಕ್ಕಿ ಕೊಡದ ಗೆರೆ
ಇಲ್ಲಿ ಎಲ್ಲಿಂದ ಬಂತೋ.

ಮೌನೇಶಣ್ಣ ಹಬ್ಬನ್ನು ಹೊರಳಿಸಿ ನೋಡಿದ.
ನನ್ನ ಕೈ ನೋಡಿದ.
ಮತ್ತೆ ಸುಲಿದರೆ ಒಂದು ದಿನದ ಕರೆಂಟು, ಒಂದು ದಿನದ ಕೂಲಿ.
ಹೊರಗೆ ಜಗಳೂರಿನವನು ಎರಡನೇ ಟೀ ಮುಗಿಸುತ್ತಿದ್ದ.
"ಡ್ರಮ್ ಕಡೆ. ಕೇಬಲ್ ಮರೆಗೆ ಬರುತ್ತೆ."
ಅಷ್ಟೇ ಅಂದ. ಕೂಲಿ ಪೂರ್ತಿ ಕೊಟ್ಟ.
ಮಾರನೇ ದಿನ ಬಾಗಿಲ ಮೊಳೆಗೆ
ನನ್ನ ಹೆಸರಿನದೇ ಒಂದು ಜೊತೆ ಗ್ಲೌಸು.

ಮೊನ್ನೆ ಅಶೋಕ ಟಾಕೀಸಿನ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು.
ನನ್ನ ಆಟೋ ಪಕ್ಕಕ್ಕೆ ಬಂದು ನಿಂತಿತು ಆ ಯೆಜ್ಡಿ,
ಹ್ಯಾಂಡಲ್ಲಿಗೆ ತೂಗುಬಿಟ್ಟ ವೈರಿನ ಸುರುಳಿ.
ಬಗ್ಗಿ ಹುಡುಕಿದೆ.
ಕೇಬಲ್ಲು, ಕೆಸರು, ಕಡ್ಡಿಗಳ ಸಂದಿ.
ಗೂಡ್ಸು ಉದ್ದಕ್ಕಿತ್ತು, ಆದರೂ ಸಾಲಲಿಲ್ಲ.
ಗೇಟು ಎದ್ದಿತು, ಚಕ್ರ ತಿರುಗಿತು.

"ಏನಮ್ಮ ಬಿತ್ತು?" ಅಂದ ಆಟೋದವ.
"ಏನಿಲ್ಲ, ನಡಿ."